ಮೊದಲು ಚರಂಡಿ, ಆಮೇಲೆ ಕಟ್ಟಡ



ಮಳೆಗೆ ಬೆಂಗಳೂರಿನ ಹೊರವರ್ತುಲ ರಸ್ತೆ ಮುಳುಗಿದಾಗಲೆಲ್ಲ ‘ಐಟಿಯವರು ಬಂದು ಮಹದೇವಪುರ ಕೆಟ್ಟಿತು’ ಎಂಬ ಮಾತು ಕೇಳಿಬರುತ್ತದೆ. ಇಲ್ಲೇ ಬೆಳೆದ ನನಗೆ ಇದು ಒಪ್ಪಿಗೆಯಿಲ್ಲ. ದುಡಿಯಲು ಬಂದವರನ್ನು ದೂರುತ್ತ ಕೂತರೆ ತೀರ್ಮಾನ ಮಾಡಿದವರು ಪಾರಾಗುತ್ತಾರೆ.

ಈ ಭಾಗಕ್ಕೆ ವಲಸೆ ಹೊಸದಲ್ಲ. 1948ರಲ್ಲಿ ಶುರುವಾದ ಐಟಿಐ ದೂರವಾಣಿ ಕಾರ್ಖಾನೆಗೂ ಹೊರಗಿನಿಂದ ಜನ ಬಂದರು. ಆದರೆ ದೂರವಾಣಿನಗರದಲ್ಲಿ ಅವರಿಗೆ ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ ಎಲ್ಲವನ್ನೂ ಕಟ್ಟಿಕೊಟ್ಟರು. 1990ರ ದಶಕದಲ್ಲಿ ರೈತರ ಜಮೀನು ವಶಪಡಿಸಿಕೊಂಡು ವೈಟ್‌ಫೀಲ್ಡ್ ಕಡೆ ಐಟಿ ಪಾರ್ಕುಗಳಿಗೆ ಜಾಗ ಕೊಟ್ಟ ಸರ್ಕಾರ, ಅಲ್ಲಿ ದುಡಿಯುವವರು ಎಲ್ಲಿರಬೇಕು, ಯಾವ ನೀರು ಕುಡಿಯಬೇಕು ಎಂದು ಯೋಚಿಸಲಿಲ್ಲ. ಆ ಕೊರತೆ ತುಂಬಿದ್ದು ರೆವಿನ್ಯೂ ಬಡಾವಣೆಗಳು. ಭೂಪರಿವರ್ತನೆಯಾಗದ ರಾಗಿ ಹೊಲಗಳು ಸೈಟುಗಳಾದವು. ಕೆರೆಯಿಂದ ಕೆರೆಗೆ ನೀರು ಹರಿಸುತ್ತಿದ್ದ ರಾಜಕಾಲುವೆ ಕಿರಿದಾಯಿತು.

2007ರಲ್ಲಿ ಮಹದೇವಪುರ ನಗರಸಭೆಯೂ ಬೆಂಗಳೂರಿನ ಸುತ್ತಲಿನ 110 ಹಳ್ಳಿಗಳೂ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ (ಬಿಬಿಎಂಪಿ) ಸೇರಿದವು. ಆ ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರಿನಲ್ಲಿ. ಅಷ್ಟು ವರ್ಷ ತೆರಿಗೆ ಪಾಲಿಕೆಗೆ, ನೀರಿನ ದುಡ್ಡು ಟ್ಯಾಂಕರಿಗೆ. ಪಾಲಿಕೆ ಸದಸ್ಯರ ಅವಧಿ 2020ರಲ್ಲೇ ಮುಗಿದಿತ್ತು. 2022ರ ಸೆಪ್ಟೆಂಬರಿನಲ್ಲಿ ಮನೆಗಳಿಗೆ ನೀರು ನುಗ್ಗಿದಾಗ ಕೇಳಲು ಒಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ.

2023ರಲ್ಲಿ ಮೆಟ್ರೊ ಬಂತು. ಅದರಿಂದ ಅನುಕೂಲವಾಗಿದೆ, ನಿಜ. ಆದರೆ ನಿಲ್ದಾಣಗಳಿರುವ ಸಿಂಗಯ್ಯನಪಾಳ್ಯ, ಗರುಡಾಚಾರ್‌ಪಾಳ್ಯ, ಹೂಡಿಯ ಗಲ್ಲಿಗಳಲ್ಲಿ ಶೀಟಿನ ವಠಾರಗಳನ್ನು ಕೆಡವಿ ಐದಾರು ಮಹಡಿಯ ಪಿಜಿ ಕಟ್ಟುತ್ತಿದ್ದಾರೆ. ಚರಂಡಿ ಮಾತ್ರ ಹಿಂದಿನದೇ. ವಠಾರಗಳಲ್ಲಿದ್ದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಸೆಕ್ಯುರಿಟಿಯವರು, ಮನೆಗೆಲಸದವರು ಬಾಡಿಗೆ ಕೊಡಲಾಗದೆ ನಿಲ್ದಾಣದಿಂದ ದೂರ ಹೋಗುತ್ತಿದ್ದಾರೆ. ಮೆಟ್ರೊ ಯಾರಿಗೆ ಹೆಚ್ಚು ಬೇಕಿತ್ತೋ ಅವರಿಗೇ ಅದು ಎಟುಕದಂತಾಗುತ್ತಿದೆ.

ಊರು ಬದಲಾಗುವುದು ಬೇಡವೆಂದು ಯಾರೂ ಹೇಳುತ್ತಿಲ್ಲ. ಬದಲಾವಣೆಯ ಕ್ರಮ ತಲೆಕೆಳಗಾಗಿದೆ ಎಂಬುದೇ ನಮ್ಮ ದೂರು. ಈಗ ಬಿಬಿಎಂಪಿ ಹೋಗಿ ಈ ಭಾಗಕ್ಕೆ ಬೆಂಗಳೂರು ಪೂರ್ವ ನಗರ ಪಾಲಿಕೆ ಎಂಬ ಪ್ರತ್ಯೇಕ ಆಡಳಿತ ಬಂದಿದೆ. ಬಹುಮಹಡಿ ಕಟ್ಟಡದ ನಕ್ಷೆ ಮಂಜೂರು ಮಾಡುವ ಮುನ್ನ ಆ ಬೀದಿಯ ನೀರು, ಒಳಚರಂಡಿ, ರಾಜಕಾಲುವೆಯ ಸ್ಥಿತಿಯನ್ನು ಅದು ವಾರ್ಡ್ ಸಮಿತಿಯ ಮುಂದಿಡಲಿ. ನಿಲ್ದಾಣಗಳ ಆಸುಪಾಸಿನಲ್ಲಿ ಕಡಿಮೆ ಬಾಡಿಗೆಯ ಮನೆಗಳಿಗೂ ಜಾಗ ಮೀಸಲಿಡಲಿ. ಹಾಗಾಗದಿದ್ದರೆ ಪಾಲಿಕೆಯ ಹೆಸರು ಬದಲಾದದ್ದರಿಂದ ನಮಗೆ ಯಾವ ಪ್ರಯೋಜನವೂ ಇಲ್ಲ.

– ಒಬ್ಬ ನಿವಾಸಿ, ಮಹದೇವಪುರ