ಕ್ಯಾಮರಾ ಹಿಡಿಯುವುದೂ ಒಂದು ವಿದ್ಯೆಯೆ?

ಹನ್ನೆರಡನೆಯ ತರಗತಿಯ ಫಲಿತಾಂಶ ಹೊರಬಿದ್ದ ಮೇಲೆ ಮುಂಬಯಿಯ ಕನ್ನಡ ಮನೆಗಳಲ್ಲಿ ಕೆಲವು ವಾರಗಳ ಕಾಲ ಬೇರೆ ಮಾತಿಗೆ ಎಡೆಯಿರುವುದಿಲ್ಲ. ಎಂಜಿನಿಯರಿಂಗೋ, ವಾಣಿಜ್ಯವೋ, ಸಿ.ಎ.ಯೋ ಎಂಬ ಚರ್ಚೆ ಊಟದ ತಟ್ಟೆಯ ಮುಂದೆ ಆರಂಭವಾಗಿ, ಲೋಕಲ್ ರೈಲಿನಲ್ಲಿ ಮುಂದುವರಿದು, ಸಂಘದ ಭಾನುವಾರದ ಸಭೆಯಲ್ಲಿ ನಾಲ್ಕಾರು ಹಿರಿಯರ ಸಲಹೆಯನ್ನು ಪಡೆದು, ಕೊನೆಗೆ ಊರಿನಲ್ಲಿರುವ ದೊಡ್ಡಪ್ಪನವರ ಅಭಿಪ್ರಾಯದೊಂದಿಗೆ ಮುಕ್ತಾಯವಾಗುತ್ತದೆ. ಇಂತಹ ಮನೆಯೊಂದರಲ್ಲಿ ಮಗಳು, ತಾನು ತಾಂತ್ರಿಕ ಕಾಲೇಜಿಗೆ ಸೇರಿ ಇಂಟರ್‌ಆಕ್ಟಿವ್ ಡಿಸೈನ್ ಮತ್ತು ವಿಡಿಯೊ ನಿರ್ಮಾಣವನ್ನು ಕಲಿಯುವುದಾಗಿ ಹೇಳಿದರೆ ಏನಾಗುತ್ತದೆ? ಕ್ಷಣಕಾಲ ಮೌನ. ಬಳಿಕ ತಂದೆಯ ಪ್ರಶ್ನೆ: "ಮದುವೆ ಮನೆಗಳಲ್ಲಿ ವಿಡಿಯೊ ತೆಗೆಯಲಿಕ್ಕೆ ಮೂರು ವರ್ಷ ಓದಬೇಕೇನಮ್ಮ?"

ಈ ಪ್ರಶ್ನೆಯಲ್ಲಿರುವುದು ತಿರಸ್ಕಾರಕ್ಕಿಂತ ಹೆಚ್ಚಾಗಿ ಭಯ. ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿ ಶಾಲೆಯ ಬೆಂಚಿನ ಮೇಲೆ ನಿದ್ದೆಯನ್ನು ತಡೆದುಕೊಂಡು ಓದಿ, ಕೊನೆಗೊಂದು ಬ್ಯಾಂಕಿನ ಗುಮಾಸ್ತಗಿರಿಯನ್ನು ಸಂಪಾದಿಸಿದವರ ಮಕ್ಕಳು ಇಂದಿನ ತಂದೆತಾಯಿಗಳು. ವಿದ್ಯೆಯೆಂದರೆ ಕಾಯಂ ನೌಕರಿ, ಕಾಯಂ ನೌಕರಿಯೆಂದರೆ ಬದುಕು ಎಂಬ ಸಮೀಕರಣವು ಆ ಮನೆಗಳಿಗೆ ಪುಸ್ತಕದಿಂದ ಬಂದದ್ದಲ್ಲ, ಅನುಭವದಿಂದ ಬಂದದ್ದು. ಅದನ್ನು ಹಳೆಯ ಕಾಲದ ಮಾತೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಹುಟ್ಟಿ, 1969 ಮತ್ತು 1980ರಲ್ಲಿ ರಾಷ್ಟ್ರೀಕೃತವಾದ ನಾಲ್ಕು ಬ್ಯಾಂಕುಗಳ ಕಥೆಯನ್ನೂ ಇಲ್ಲಿ ಸ್ಮರಿಸಬೇಕು. ವಿಜಯಾ ಬ್ಯಾಂಕು 2019ರ ಏಪ್ರಿಲಿನಲ್ಲಿ ಬರೋಡಾ ಬ್ಯಾಂಕಿನಲ್ಲಿ ವಿಲೀನವಾಯಿತು. ಮರುವರ್ಷ ಅದೇ ತಿಂಗಳಿನಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿಹೋದವು. ನಾಲ್ಕರಲ್ಲಿ ಮೂರು ಫಲಕಗಳು ಕೆಳಗಿಳಿದವು. ನೌಕರರು ಉಳಿದರು ನಿಜ. ಆದರೆ ಎಂದೆಂದಿಗೂ ಅಲುಗದೆಂದು ನಂಬಿದ್ದ ಹೆಸರುಗಳು ಉಳಿಯಲಿಲ್ಲ.

ಈಗ ಆ ಹುಡುಗಿ ಕಲಿಯಬಯಸುವ ವಿಷಯದತ್ತ ಬರೋಣ. ವಿಡಿಯೊ ಎಂದರೆ ಏನೆಂಬುದು ಎಲ್ಲರಿಗೂ ತಿಳಿದಿದೆ. ಇಂಟರ್‌ಆಕ್ಟಿವ್ ಡಿಸೈನ್ ಎಂಬ ಮಾತು ಮಾತ್ರ ಬಹಳ ಮಂದಿಗೆ ಆಕಾಶಪುಷ್ಪದಂತೆ ತೋರುತ್ತದೆ. ವಾಸ್ತವದಲ್ಲಿ ಬ್ಯಾಂಕಿಗೆ ಹೋಗುವ ಪ್ರತಿಯೊಬ್ಬರೂ ಅದನ್ನು ಕಂಡವರೇ. ಭಾರತದ ಮೊದಲ ಎಟಿಎಂ 1987ರಲ್ಲಿ ಮುಂಬಯಿಯಲ್ಲೇ ಬಂದಿತು. ಜಗತ್ತಿನ ಬೇರೆ ಬೇರೆ ಕಡೆ ಮೊದಮೊದಲು ಬಂದ ಅನೇಕ ಯಂತ್ರಗಳು ಹಣವನ್ನು ಮೊದಲು ಕೊಟ್ಟು, ಕಾರ್ಡನ್ನು ಅನಂತರ ಹಿಂದಿರುಗಿಸುತ್ತಿದ್ದವು. ಬಂದ ಕೆಲಸ ಆಯಿತೆಂದು ಜನರು ಹಣವನ್ನು ಎಣಿಸುತ್ತ ಹೊರಟುಬಿಡುತ್ತಿದ್ದರು. ಕಾರ್ಡು ಯಂತ್ರದಲ್ಲೇ ಉಳಿಯುತ್ತಿತ್ತು. "ಕಾರ್ಡನ್ನು ಮರೆಯಬೇಡಿ" ಎಂದು ಗೋಡೆಗೆ ಬರೆದು ಅಂಟಿಸಿದರೆ ಈ ರೋಗ ವಾಸಿಯಾಗುವಂಥದಲ್ಲ. ಹಾಗಾಗಿ ಕ್ರಮವನ್ನೇ ತಿರುಗಿಸಲಾಯಿತು: ಮೊದಲು ಕಾರ್ಡನ್ನು ತೆಗೆದುಕೊಳ್ಳಬೇಕು, ಆಮೇಲೆ ಹಣ. ಹಣವನ್ನು ಬಿಟ್ಟುಹೋಗುವವರು ಯಾರಿದ್ದಾರೆ? ಗ್ರಾಹಕನನ್ನು ತಿದ್ದುವುದಕ್ಕೆ ಬದಲಾಗಿ ಯಂತ್ರದ ನಡವಳಿಕೆಯನ್ನು ತಿದ್ದಿದ ಈ ಬುದ್ಧಿಯೇ ಇಂಟರ್‌ಆಕ್ಟಿವ್ ಡಿಸೈನಿನ ತಿರುಳು. ತರಕಾರಿ ಅಂಗಡಿಯಲ್ಲಿ "ಇಷ್ಟು ರೂಪಾಯಿ ಬಂದಿದೆ" ಎಂದು ಕೂಗಿ ಹೇಳುವ ಪುಟ್ಟ ಪೆಟ್ಟಿಗೆಯೂ ಅದೇ ಬುದ್ಧಿಯ ಫಲ. ಒಂದು ಕೈಯಲ್ಲಿ ತಕ್ಕಡಿ, ಇನ್ನೊಂದು ಕೈಯಲ್ಲಿ ಬದನೆಕಾಯಿ ಹಿಡಿದವನು ಮೊಬೈಲಿನ ಪರದೆಯನ್ನು ನೋಡಲಾರನೆಂಬುದನ್ನು ಯಾರೋ ಅಂಗಡಿಯ ಮುಂದೆ ನಿಂತು ಗಮನಿಸಿರಲೇಬೇಕು.

ಒಳ್ಳೆಯ ಕಾಲೇಜಿನಲ್ಲಿ ಈ ಗಮನಿಸುವಿಕೆಯನ್ನೇ ಕಲಿಸುತ್ತಾರೆ. ವಿದ್ಯಾರ್ಥಿಯು ತಾನು ಯೋಚಿಸಿದ ಪರದೆಯನ್ನು ಮೊದಲು ಕಾಗದದ ಮೇಲೆ ಬರೆದು, ಎಪ್ಪತ್ತು ವರ್ಷದ ಅಜ್ಜಿಯ ಕೈಗೆ ಕೊಟ್ಟು, ಆಕೆ ಎಲ್ಲಿ ತಡವರಿಸುತ್ತಾಳೆಂಬುದನ್ನು ಬಾಯಿ ಬಿಡದೆ ನೋಡಬೇಕು. "ಅಲ್ಲಿ ಒತ್ತಿ ಅಜ್ಜಿ" ಎಂದು ಹೇಳಿಕೊಟ್ಟರೆ ಪರೀಕ್ಷೆ ಕೆಟ್ಟಿತು. ತಪ್ಪು ಅಜ್ಜಿಯದಲ್ಲ, ತನ್ನದು ಎಂದು ಒಪ್ಪಿಕೊಳ್ಳುವ ವಿನಯ ಹದಿನೆಂಟರ ವಯಸ್ಸಿನಲ್ಲಿ ಸುಲಭವಾಗಿ ಬರುವಂಥದಲ್ಲ. ವಿಡಿಯೊ ವಿಭಾಗದಲ್ಲಿಯೂ ಕ್ಯಾಮರಾದ ಗುಂಡಿಯನ್ನು ಒತ್ತುವುದು ಅಲ್ಪಭಾಗ. ಚಿತ್ರಕಥೆಯನ್ನು ಚೌಕಗಳಲ್ಲಿ ಬರೆಯುವುದು, ಬೆಳಕನ್ನು ಯಾವ ಮಗ್ಗುಲಿನಿಂದ ಬಿಡಬೇಕೆಂದು ನಿರ್ಧರಿಸುವುದು, ಫ್ಯಾನಿನ ಸದ್ದಿನ ನಡುವೆ ಮಾತನ್ನು ಸ್ಪಷ್ಟವಾಗಿ ಹಿಡಿಯುವುದು, ಎರಡು ಗಂಟೆಯ ಚಿತ್ರಣದಿಂದ ಎರಡು ನಿಮಿಷವನ್ನು ಮಾತ್ರ ಉಳಿಸಿಕೊಳ್ಳುವುದು ಇವೇ ನಿಜವಾದ ಪಾಠಗಳು. ಧ್ವನಿಯ ಪಾಠವನ್ನು ಹುಡುಗರು ಸಾಮಾನ್ಯವಾಗಿ ಅಲಕ್ಷಿಸುತ್ತಾರೆ. ಚಿತ್ರ ಸ್ವಲ್ಪ ಮಸುಕಾದರೆ ಪ್ರೇಕ್ಷಕ ಸಹಿಸಿಕೊಂಡಾನು, ಮಾತು ಕೇಳಿಸದಿದ್ದರೆ ಎದ್ದುಹೋಗುತ್ತಾನೆ.

ಪಾಲಿಟೆಕ್ನಿಕ್ ಎಂದರೆ ಎಂಜಿನಿಯರಿಂಗ್ ಸೀಟು ಸಿಗದವರ ತಂಗುದಾಣವೆಂಬ ಭಾವನೆ ಕನ್ನಡಿಗರಲ್ಲಿ ಬಲವಾಗಿದೆ. ಇದು ವಿಚಿತ್ರ. ಏಕೆಂದರೆ ಚಲನಚಿತ್ರ ಛಾಯಾಗ್ರಹಣವನ್ನು ತಾಂತ್ರಿಕ ಶಾಲೆಯ ಪಾಠಪಟ್ಟಿಗೆ ಸೇರಿಸಿದವರಲ್ಲಿ ಕನ್ನಡನಾಡಿನವರೇ ಮುಂಚಿನವರು. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಂಸ್ಥೆಯೇ ಮುಂದೆ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಎಂದು ಹೆಸರಾಯಿತು. ಪುಣೆಯ ಫಿಲ್ಮ್ ಇನ್ಸ್‌ಟಿಟ್ಯೂಟ್ ಹುಟ್ಟಿದ್ದು 1960ರಲ್ಲಿ. ಅದಕ್ಕೆ ಹದಿನಾಲ್ಕು ವರ್ಷ ಮುಂಚೆ, 1946ರಲ್ಲಿ, ಮೈಸೂರಿನ ಯುವಕನೊಬ್ಬ ಬೆಂಗಳೂರಿನ ಈ ಶಾಲೆಯಿಂದ ಛಾಯಾಗ್ರಹಣದ ಡಿಪ್ಲೊಮಾ ಪಡೆದು ಮುಂಬಯಿಯತ್ತ ಹೊರಟನು. ಆತನೇ ವಿ.ಕೆ. ಮೂರ್ತಿ.

ಮೂರ್ತಿಯವರು ಈ ನಗರದಲ್ಲಿ ಒಮ್ಮೆಗೇ ದೊಡ್ಡವರಾಗಲಿಲ್ಲ. ವರ್ಷಗಳ ಕಾಲ ಸಹಾಯಕರಾಗಿ ದುಡಿದರು. 1951ರ 'ಬಾಜಿ' ಚಿತ್ರದ ಸಮಯದಲ್ಲಿ ಕಷ್ಟದ ದೃಶ್ಯವೊಂದನ್ನು ತೆಗೆಯುವ ಬಗೆಯನ್ನು ಸೂಚಿಸಿ, ತಾವೇ ಅದನ್ನು ತೆಗೆದು ತೋರಿಸಿದಾಗ ಗುರುದತ್ತರ ಕಣ್ಣಿಗೆ ಬಿದ್ದರು. ಮುಂದಿನ ಚಿತ್ರ 'ಜಾಲ್'ನಿಂದ ಗುರುದತ್ತರ ಛಾಯಾಗ್ರಾಹಕರಾದರು. 1959ರಲ್ಲಿ ಬಂದ 'ಕಾಗಜ್ ಕೆ ಫೂಲ್' ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಖಾಲಿ ಸ್ಟುಡಿಯೊದೊಳಕ್ಕೆ ಮೇಲಿನಿಂದ ಇಳಿಯುವ ಬೆಳಕಿನ ಕೋಲನ್ನು ನೋಡಿದವರು ಮರೆಯಲಾರರು. ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಒಳಕ್ಕೆ ಹಾಯಿಸಿ ಪಡೆದ ಬೆಳಕು ಅದು. ಕನ್ನಡಿ ಎಲ್ಲರ ಮನೆಯಲ್ಲಿಯೂ ಇರುತ್ತದೆ, ಬಿಸಿಲು ಎಲ್ಲರ ಅಂಗಳದಲ್ಲಿಯೂ ಬೀಳುತ್ತದೆ! 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತದ್ದು ಅದೇ ಮೊದಲು. ಅದೇ ಪಾಲಿಟೆಕ್ನಿಕ್ಕಿನಲ್ಲಿ ಕಲಿತು, ಮೂರ್ತಿಯವರ ಸಹಾಯಕರಾಗಿ ದುಡಿದ ಗೋವಿಂದ ನಿಹಲಾನಿಯವರು ಮುಂದೆ ಗಿರೀಶ ಕಾರ್ನಾಡರ 'ಕಾಡು' ಚಿತ್ರಕ್ಕೆ ಕ್ಯಾಮರಾ ಹಿಡಿದರು. ಆಮೇಲೆ 'ಅರ್ಧಸತ್ಯ'ದಂತಹ ಚಿತ್ರಗಳನ್ನು ನಿರ್ದೇಶಿಸಿದರು. ಮದುವೆ ಮನೆಯ ವಿಡಿಯೊದ ಮಾತೆತ್ತುವ ತಂದೆ ಈ ಎರಡು ಹೆಸರುಗಳನ್ನು ಒಮ್ಮೆ ನೆನೆಯಬಹುದು.

ವಿನ್ಯಾಸದ ವಿಷಯದಲ್ಲಿ ಇನ್ನೂ ಹತ್ತಿರದ ನಿದರ್ಶನವಿದೆ. ಪೊವಾಯಿಯ ಐಐಟಿಯಲ್ಲಿ ವಿನ್ಯಾಸ ಕೇಂದ್ರ ಆರಂಭವಾದದ್ದು 1969ರಲ್ಲಿ. ಅಲ್ಲಿ ಬಹುಕಾಲ ಪಾಠ ಹೇಳಿದ ಅಕ್ಷರ ಕಲಾವಿದ ಆರ್.ಕೆ. ಜೋಶಿಯವರು ಮರಾಠಿಗರು. ವಿಂಡೋಸ್ ಕಂಪ್ಯೂಟರುಗಳಲ್ಲಿ ಕನ್ನಡಿಗರು ವರ್ಷಗಟ್ಟಲೆ ಓದಿದ 'ತುಂಗಾ' ಎಂಬ ಕನ್ನಡ ಅಕ್ಷರಮಾಲೆ ರೂಪುಗೊಂಡದ್ದು ಅವರ ನಿರ್ದೇಶನದಲ್ಲಿ. ಅಂದರೆ ಡೊಂಬಿವಲಿಯಲ್ಲಿ ಕುಳಿತು ಊರಿನ ಸುದ್ದಿಯನ್ನು ಕನ್ನಡದಲ್ಲಿ ಓದಿದವರು ಇಂತಹ ವಿದ್ಯೆಯ ಋಣದಲ್ಲಿಯೇ ಇದ್ದಾರೆ.

ಹಾಗೆಂದು ಬಾಗಿಲಿಗೆ 'ಡಿಸೈನ್' ಎಂಬ ಹಲಗೆ ತೂಗುಹಾಕಿದ ಅಂಗಡಿಗಳಿಗೆಲ್ಲ ಹಣ ಸುರಿಯಬೇಕೆಂದಲ್ಲ. 2000ದ ಆಸುಪಾಸಿನಲ್ಲಿ 'ಮಲ್ಟಿಮೀಡಿಯಾ' ಎಂಬ ಮಂತ್ರದ ಶಬ್ದ ಕೇಳಿ ಸಾವಿರಾರು ಹುಡುಗರು ಫ್ಲಾಶ್ ಎಂಬ ಒಂದು ಸಾಫ್ಟ್‌ವೇರನ್ನು ಕಲಿತರು. ಅದರ ಒಡೆತನ ಹೊಂದಿದ್ದ ಸಂಸ್ಥೆಯೇ 2020ರ ಡಿಸೆಂಬರ್ 31ಕ್ಕೆ ಅದರ ಬೆಂಬಲವನ್ನು ನಿಲ್ಲಿಸಿತು. ಚಿತ್ರ ಬರೆಯಲು, ಕಥೆ ಕಟ್ಟಲು, ಬಳಸುವವರ ಕಷ್ಟವನ್ನು ತಿಳಿಯಲು ಕಲಿತವರು ಹೊಸ ಉಪಕರಣಕ್ಕೆ ದಾಟಿಕೊಂಡರು. ಗುಂಡಿಗಳನ್ನು ಮಾತ್ರ ಕಲಿತವರಿಗೆ ದಾರಿಯಿಲ್ಲದಾಯಿತು. ಇಂದು ನಾಲ್ಕು ವಾಕ್ಯ ಬರೆದುಕೊಟ್ಟರೆ ಕಂಪ್ಯೂಟರೇ ಚಲಿಸುವ ಚಿತ್ರವನ್ನು ಹೆಣೆದುಕೊಡುತ್ತಿರುವಾಗ ಈ ಭೇದ ಮತ್ತಷ್ಟು ತೀಕ್ಷ್ಣವಾಗಿದೆ. ಕಾಲೇಜಿನ ಪಾಠಪಟ್ಟಿಯಲ್ಲಿ ಸಾಫ್ಟ್‌ವೇರುಗಳ ಹೆಸರುಗಳೇ ತುಂಬಿದ್ದರೆ ಎಚ್ಚರ ವಹಿಸುವುದು ಲೇಸು.

ಹಣದ ಲೆಕ್ಕವನ್ನು ಮುಚ್ಚಿಟ್ಟು ಇಂತಹ ವಿಷಯವನ್ನು ಚರ್ಚಿಸುವುದು ಸರಿಯಲ್ಲ. ವರ್ಷದ ಆರಂಭದಲ್ಲಿ ಎರಡೆರಡು ಲಕ್ಷದಂತೆ ಮೂರು ವರ್ಷಕ್ಕೆ 6 ಲಕ್ಷ ರೂಪಾಯಿ ಶೈಕ್ಷಣಿಕ ಸಾಲ ಪಡೆದರೆಂದೂ, ಬಡ್ಡಿ ಶೇಕಡಾ 10 ಎಂದೂ ಇಟ್ಟುಕೊಳ್ಳೋಣ. ಓದು ಮುಗಿಯುವ ಹೊತ್ತಿಗೆ ಸರಳ ಬಡ್ಡಿಯೇ 1.2 ಲಕ್ಷವಾಗಿರುತ್ತದೆ. ಓದು ಮುಗಿದ ಮೇಲೆ ಕಂತು ಆರಂಭವಾಗಲು ಒಂದು ವರ್ಷ ಅವಕಾಶವಿದ್ದರೆ ಅದಕ್ಕೆ ಮತ್ತೆ 60,000. ಹೀಗೆ ಮೊದಲ ಕಂತಿನ ದಿನ ತಲೆಯ ಮೇಲಿರುವುದು 7.8 ಲಕ್ಷ. ಓದುವ ಕಾಲದಲ್ಲೂ ಅನಂತರದ ಆ ಒಂದು ವರ್ಷದಲ್ಲೂ ತಂದೆತಾಯಿಗಳು ಬಡ್ಡಿಯನ್ನಷ್ಟು ತಿಂಗಳು ತಿಂಗಳು ಕಟ್ಟುತ್ತ ಬಂದರೆ ಮಗಳು 6 ಲಕ್ಷದಿಂದ ಆರಂಭಿಸಬಹುದು. ಶಿಕ್ಷಣಕ್ಕೆ ಮಾನ್ಯತೆಯಿಲ್ಲದಿದ್ದರೆ ಸಾಲವೇ ಕಷ್ಟ; ಆದ್ದರಿಂದ ಮಾನ್ಯತೆಯ ಪತ್ರವನ್ನು ಮೊದಲೇ ಕೇಳಿ ನೋಡಬೇಕು. ಇನ್ನೊಂದು ಮಾತು. ಪ್ರವೇಶ ದೊರೆತ ಸಂಭ್ರಮದಲ್ಲಿ ದುಬಾರಿ ಕ್ಯಾಮರಾ ಕೊಡಿಸುವ ತಂದೆಯರಿದ್ದಾರೆ. ಕ್ಯಾಮರಾ ಬಂಗಾರವಲ್ಲ, ಪೆಟ್ಟಿಗೆ ಒಡೆದ ದಿನದಿಂದಲೇ ಅದರ ಬೆಲೆ ಇಳಿಯತೊಡಗುತ್ತದೆ. ಉಪಕರಣ ಒದಗಿಸುವುದು ಕಾಲೇಜಿನ ಹೊಣೆ. ಮೊದಲ ವರ್ಷಕ್ಕೆ ಕೈಯಲ್ಲಿರುವ ಮೊಬೈಲೇ ಸಾಕು.

ಆರೋಗ್ಯದ ವಿಚಾರವನ್ನೂ ಇಲ್ಲಿ ಎತ್ತಬೇಕಾಗಿದೆ, ಏಕೆಂದರೆ ಈ ವಿದ್ಯೆಯ ನಿಜವಾದ ಸುಂಕವನ್ನು ತೆರುವುದು ಕಣ್ಣು ಮತ್ತು ಕುತ್ತಿಗೆ. ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಬಾರಿ ಮಿಟುಕುವ ಕಣ್ಣು, ಪರದೆಯನ್ನು ದಿಟ್ಟಿಸುವಾಗ ಬಹಳ ಕಡಿಮೆ ಮಿಟುಕುತ್ತದೆ. ಅದರಿಂದಲೇ ಉರಿ, ಒಣಗುವಿಕೆ, ಸಂಜೆಯ ತಲೆನೋವು. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕೆಂಬ ವೈದ್ಯರ ಸಲಹೆಗೆ ಕಾಸಿನ ಖರ್ಚಿಲ್ಲ. ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ ಇಲ್ಲವೆ ತುಸು ಕೆಳಗೆ ಇರಬೇಕು. ರಾತ್ರಿಯಿಡೀ ಎಚ್ಚರವಿದ್ದು ಎಡಿಟಿಂಗ್ ಮಾಡುವುದನ್ನು ಶೌರ್ಯವೆಂದು ಭಾವಿಸುವ ಹುಡುಗರಿಗೆ ಮಾತ್ರ ಯಾವ ಸಲಹೆಯೂ ನಾಟುವುದು ಕಷ್ಟ.

ಈ ವಿದ್ಯೆ ಕಲಿತ ಕನ್ನಡದ ಮಕ್ಕಳಿಗೆ ಮನೆಯಲ್ಲೇ ಕೆಲಸ ಕಾದಿದೆ. ಸಕ್ಕರೆ ಕಾಯಿಲೆಯ ಅಜ್ಜಿಯ ಕೈಗೆ ಇನ್ಸುಲಿನ್ ಪೆನ್ನು ಬಂದಿರುತ್ತದೆ. ಜೊತೆಯಲ್ಲಿರುವ ಕಾಗದ ಇಂಗ್ಲಿಷಿನಲ್ಲಿ, ಅಕ್ಷರಗಳು ಸಾಸಿವೆಯಷ್ಟು. ಸೂಜಿಯನ್ನು ಎಷ್ಟು ಹೊತ್ತು ಒಳಗೆ ಹಿಡಿಯಬೇಕು, ಪ್ರತಿ ಸಲವೂ ಚುಚ್ಚುವ ಜಾಗವನ್ನು ಏಕೆ ಬದಲಿಸಬೇಕು ಎಂಬುದನ್ನು ಎರಡು ನಿಮಿಷದಲ್ಲಿ, ಕುಂದಾಪುರದ ಅಜ್ಜಿಗೂ ಧಾರವಾಡದ ಅಜ್ಜಿಗೂ ತಿಳಿಯುವ ಕನ್ನಡದಲ್ಲಿ, ವೈದ್ಯರಿಗೆ ತೋರಿಸಿ ಒಪ್ಪಿಗೆ ಪಡೆದು ಚಿತ್ರಿಸುವುದು ಮೂರನೆಯ ವರ್ಷದ ವಿದ್ಯಾರ್ಥಿಗೆ ತಕ್ಕ ಕೆಲಸ. ಹತ್ತು ವಾರ್ಷಿಕೋತ್ಸವಗಳ ನೃತ್ಯ ಕಾರ್ಯಕ್ರಮವನ್ನು ಚಿತ್ರಿಸಿಡುವ ಸಂಘಗಳು ಒಂದು ವರ್ಷ ಇದಕ್ಕೂ ಒಂದಿಷ್ಟು ಹಣ ತೆಗೆದಿಡಬಾರದೆ?

ಶುಲ್ಕ ಕಟ್ಟುವ ಕೊನೆಯ ದಿನಾಂಕಕ್ಕೆ ಮೊದಲು ಆ ತಂದೆ ಒಂದು ಅರ್ಧ ದಿನದ ರಜೆ ಹಾಕುವುದು ಒಳ್ಳೆಯದು. ಪ್ರವೇಶದ ಮೇಳ ನಡೆಯುವ ದಿನವಲ್ಲ, ಯಾವುದಾದರೂ ಸಾಮಾನ್ಯ ದಿನ, ಮಧ್ಯಾಹ್ನ ನಾಲ್ಕರ ಹೊತ್ತಿಗೆ ಮಗಳೊಂದಿಗೆ ಆ ಕಾಲೇಜಿಗೆ ಹೋಗಬೇಕು. ಪ್ರಾಂಶುಪಾಲರ ಕೊಠಡಿಯನ್ನು ದಾಟಿ ನೇರವಾಗಿ ಸ್ಟುಡಿಯೊದ ಬಾಗಿಲಿಗೆ ನಡೆದು, ಹೋದ ವರ್ಷದ ಹುಡುಗರು ಮಾಡಿದ ಕೆಲಸ ತೋರಿಸಿರೆಂದು ಕೇಳಬೇಕು. ಕ್ಯಾಮರಾಗಳು ಹುಡುಗರ ಕೈಯಲ್ಲಿವೆಯೋ, ಕಪಾಟಿನಲ್ಲಿವೆಯೋ, ಕಪಾಟಿನಲ್ಲಿದ್ದರೆ ಬೀಗದ ಮೇಲೆ ಎಷ್ಟು ಧೂಳು ಕುಳಿತಿದೆಯೋ ನೋಡಬೇಕು.