ನಲವತ್ತೆಂಟು ಅಂಕಿಗಳ ಬೀಗ

ಮಕ್ಕಳೇ, ಬಾದಾಮಿಗೆ ಪ್ರವಾಸ ಬಂದಾಗ ಅಗಸ್ತ್ಯ ತೀರ್ಥದ ಬಳಿಯ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನ ನೋಡಿದ್ದೀರಾ? ಸುಮಾರು 1300 ವರ್ಷಗಳಿಂದ ಬಯಲಲ್ಲೇ ಇದೆ. ಆದರೂ ಆ ಕಾಲದ ಲಿಪಿ ಬಾರದವರಿಗೆ ಅದು ಬರೀ ಗೀಟು. ಕಂಪ್ಯೂಟರಿನ ಡಿಸ್ಕ್ ಎನ್‌ಕ್ರಿಪ್ಷನ್ ಹೆಚ್ಚುಕಡಿಮೆ ಹೀಗೇ. ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದರೂ ಗೀಟಷ್ಟೇ ಕಾಣುತ್ತದೆ. ಹಳೆಯ ಲಿಪಿಯನ್ನಾದರೂ ಕಲಿಯಬಹುದು. ಇದನ್ನು ಕೀಲಿಯಿಲ್ಲದೆ ಯಾವ ಪಂಡಿತರೂ ಓದಲಾರರು.

ಹೋದ ತಿಂಗಳು ನಮ್ಮ ಓಣಿಯ ಎಂಟನೇ ತರಗತಿ ಹುಡುಗಿ ತನ್ನ ಅಜ್ಜನ ಜೊತೆ ಲ್ಯಾಪ್‌ಟಾಪ್ ತಂದಳು. ರಿಪೇರಿಯಲ್ಲಿ ಮದರ್‌ಬೋರ್ಡ್ ಬದಲಾಗಿತ್ತು. ಈಗ ನೀಲಿ ಪರದೆ. ಬಿಟ್‌ಲಾಕರ್ ರಿಕವರಿ ಕೀ ಕೊಡಿ ಎನ್ನುತ್ತಿತ್ತು. ಆರಾರು ಅಂಕಿಯ ಎಂಟು ಗುಂಪು, ಒಟ್ಟು 48 ಅಂಕಿ.

"ನಾ ಬೀಗಾನ ಹಾಕಿಲ್ಲಲ್ಲರೀ!" ಅಂದರು ಅಜ್ಜ.

ಅವರ ಮಾತು ನಿಜವೇ. ಈಚಿನ ಅನೇಕ ವಿಂಡೋಸ್ ಯಂತ್ರಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದೊಡನೆ ಬೀಗ ತಾನಾಗಿ ಬೀಳುತ್ತದೆ. ದಿನವೂ ಅದನ್ನು ತೆಗೆಯುವುದು ಟಿಪಿಎಂ ಎಂಬ ಭದ್ರತಾ ಚಿಪ್. ಮದರ್‌ಬೋರ್ಡಿನೊಂದಿಗೆ ಆ ಚಿಪ್ಪೂ ಹೋಯಿತು. ಹೊಸದಕ್ಕೆ ಈ ಡಿಸ್ಕಿನ ಗುರುತಿಲ್ಲ.

"ಫಾರ್ಮ್ಯಾಟ್ ಹೊಡದ್ರ ಸರಿ ಹೋಗತೈತಂತ," ಅಂದಳು ಹುಡುಗಿ. ಲ್ಯಾಪ್‌ಟಾಪ್ ಸರಿಹೋಗುತ್ತಿತ್ತು, ನಿಜ. ಆದರೆ ಅದರೊಳಗೆ ತೀರಿಹೋದ ಅಜ್ಜಿ ಹಾಡಿದ ಬೀಸುವ ಪದಗಳಿದ್ದವು. ಬೇರೆಲ್ಲೂ ಪ್ರತಿಯಿಲ್ಲ. ಕೀಲಿ ಕಳೆದರೆ ಮೈಕ್ರೋಸಾಫ್ಟ್‌ನವರೂ ಹೊಸದನ್ನು ಮಾಡಿಕೊಡಲಾರರು.

ಹಾಗಾಗಿ ನಾನು ಮೊದಲು ಕೇಳಿದ್ದು, ಈ ಲ್ಯಾಪ್‌ಟಾಪನ್ನು ಮೊದಲ ದಿನ ಚಾಲೂ ಮಾಡಿಕೊಟ್ಟವರು ಯಾರು ಎಂದು. ಪುಣೆಯ ಕಾಕಾ! ಫೋನ್ ಹಚ್ಚಿದೆವು. ಅವರ ಖಾತೆಯಲ್ಲಿ ಮೂರು ಕೀಲಿಗಳಿದ್ದವು. ಪರದೆಯ ಮೇಲಿನ ಕೀ ಐಡಿಯ ಮೊದಲ ಎಂಟು ಅಕ್ಷರ ಓದಿ ಹೇಳಿದೆವು, ಒಂದು ಹೊಂದಿತು. ಕಾಕಾ ಅಂಕಿ ಹೇಳಿದರು, ಹುಡುಗಿ ಬರೆದುಕೊಂಡು ಒತ್ತಿದಳು. ತೆರೆಯಲಿಲ್ಲ. ಅಜ್ಜನ ಮುಖ ಇಳಿಯಿತು.

ಇಲ್ಲಿ ಶಾಲೆಯ ಗಣಿತ ಕೈಹಿಡಿಯಿತು. ಈ ಕೀಲಿಯ ಪ್ರತಿ ಗುಂಪೂ 11ರಿಂದ ಭಾಗವಾಗಲೇಬೇಕು. ಹಾಗೆಂದೇ ಅದನ್ನು ಮಾಡಿರುತ್ತಾರೆ. ಅವರ ಕೀಲಿ ಇಲ್ಲಿ ಬರೆಯಲಾರೆ, ಉದಾಹರಣೆಗೆ 418253 ಎನ್ನಿ. ಒಂದು ಬಿಟ್ಟು ಒಂದು ಕೂಡಿಸಿ: 4+8+5=17, 1+2+3=6. ವ್ಯತ್ಯಾಸ 11, ಸರಿ. 8ರ ಜಾಗದಲ್ಲಿ 3 ಬರೆದರೆ ವ್ಯತ್ಯಾಸ 6, ತಪ್ಪು. ವ್ಯತ್ಯಾಸ 0 ಬಂದರೂ ಸರಿಯೇ. ಗುಂಪಿನಲ್ಲಿ ಒಂದೇ ಅಂಕಿ ತಪ್ಪಿದ್ದರೆ ಈ ಲೆಕ್ಕದಲ್ಲಿ ಸಿಕ್ಕೇ ಸಿಗುತ್ತದೆ.

ಹುಡುಗಿ ಎಂಟೂ ಗುಂಪು ಲೆಕ್ಕ ಹಾಕಿದಳು. ಐದನೆಯದು ಹೊಂದಲಿಲ್ಲ. "ಕಾಕಾ, ಐದನೇದು ಇನ್ನೊಮ್ಮೆ ಹೇಳ್ರಿ." ತಿದ್ದಿ ಒತ್ತಿದಳು, ವಿಂಡೋಸ್ ಬಂತು. ಆಟ ಆಡಲು ಬಿಡದೆ ಮೊದಲು ಹಾಡುಗಳನ್ನು ಪೆನ್ ಡ್ರೈವಿಗೆ ಇಳಿಸಿಸಿದೆ. ಕೀಲಿ ಬರೆದ ಹಾಳೆ ಈಗ ಅಜ್ಜನ ಟ್ರಂಕಿನಲ್ಲಿ, ಮನೆಪತ್ರದ ಜೊತೆಗಿದೆ. ಲ್ಯಾಪ್‌ಟಾಪ್ ಚೀಲದಲ್ಲಿಟ್ಟರೆ ಕಳ್ಳನಿಗೆ ಬೀಗ, ಕೀಲಿ ಎರಡೂ ಕೊಟ್ಟಂತೆ.

ಈ ವಾರದ ಲೆಕ್ಕ: 305162, 527438. ಇವುಗಳಲ್ಲಿ ಯಾವುದು ಕೀಲಿಯ ಗುಂಪಾಗಲಾರದು? ಅಜ್ಜ-ಅಜ್ಜಿಯರೂ ಕೂಡಿ ನೋಡಬಹುದು.