ಲೂಪ್ ನಿಂತ್ರೆ ಸಾಕಾ?

ಮಿನಿ ಪ್ರಾಜೆಕ್ಟ್‌ನಲ್ಲಿ ಎರಡು ಮೂರು ಡೇಟಾಬೇಸ್ ಇಟ್ಟು, ‘ಎಲ್ಲಿ ಬೇಕಾದ್ರೂ ಬರೀಬಹುದು’ ಅಂತ ಡೆಮೊ ತೋರಿಸೋದು ಚೆನ್ನಾಗಿರುತ್ತೆ. ಆದರೆ ಅದು ನಿಜವಾಗಲೂ ಬೇಕಾ ಅನ್ನೋದು ನನ್ನ ಪ್ರಶ್ನೆ.

ಕೊಬ್ಬರಿ ವ್ಯಾಪಾರದ ಲೆಕ್ಕ ಇಡೋ ಒಂದು ಆಪ್ ಅಂದ್ಕೊಳ್ಳಿ. ಕಣಕಟ್ಟೆಯಲ್ಲಿ ಒಂದು ನೋಡ್, ಅರಸೀಕೆರೆಯಲ್ಲಿ ಇನ್ನೊಂದು. ಎರಡೂ ಒಂದಕ್ಕೊಂದು ಸಬ್‌ಸ್ಕ್ರೈಬ್ ಆಗಿವೆ. ಕಣಕಟ್ಟೆಯಲ್ಲಿ ಒಬ್ಬ ರೈತರ ಬಾಕಿ ಅಪ್‌ಡೇಟ್ ಮಾಡಿದ್ರೆ ಅದು ಅರಸೀಕೆರೆಗೆ ಹೋಗುತ್ತೆ. ಅರಸೀಕೆರೆ ಅದನ್ನೇ ಹೊಸ ಬದಲಾವಣೆ ಅಂದ್ಕೊಂಡು ವಾಪಸ್ ಕಳಿಸುತ್ತೆ. ಮತ್ತೆ ಅಲ್ಲಿಂದ ಇಲ್ಲಿಗೆ. ಫ್ಯಾಮಿಲಿ ಗ್ರೂಪಿಗೆ ನೀವೇ ಹಾಕಿದ ಗುಡ್ ಮಾರ್ನಿಂಗ್ ಚಿಕ್ಕಪ್ಪನ ಕಡೆಯಿಂದ ನಿಮಗೇ ಫಾರ್ವರ್ಡ್ ಆಗಿ ಬಂದ ಹಾಗೆ. ಆದರೆ ಇಲ್ಲಿ ಸುಸ್ತಾಗಿ ನಿಲ್ಲಿಸೋರು ಯಾರೂ ಇಲ್ಲ.

ಇದಕ್ಕೆ ಮದ್ದು, ಬದಲಾವಣೆ ಎಲ್ಲಿ ಹುಟ್ಟಿತು ಅನ್ನೋ ಗುರುತು. ಮೈಎಸ್‌ಕ್ಯೂಎಲ್‌ನಲ್ಲಿ ಪ್ರತಿ ಸರ್ವರ್‌ಗೂ ಒಂದು ಐಡಿ ಇರುತ್ತೆ; ತನ್ನದೇ ಐಡಿ ಇರೋದು ತಿರುಗಿ ಬಂದ್ರೆ ಬಿಟ್ಟುಬಿಡುತ್ತೆ. 2023ರಲ್ಲಿ ಬಂದ ಪೋಸ್ಟ್‌ಗ್ರೆಸ್ 16ರಲ್ಲಿ ಸಬ್‌ಸ್ಕ್ರಿಪ್ಶನ್‌ಗೆ ‘ಆರಿಜಿನ್’ ಅನ್ನೋ ಆಯ್ಕೆ ಸೇರಿತು. ಅದಕ್ಕೆ ‘ನನ್’ ಅಂತ ಕೊಟ್ರೆ ಆ ನೋಡ್‌ನಲ್ಲೇ ಹುಟ್ಟಿದ್ದು ಮಾತ್ರ ಬರುತ್ತೆ. ಏನೂ ಕೊಡದಿದ್ರೆ ಡೀಫಾಲ್ಟ್ ‘ಎನಿ’, ಅಂದ್ರೆ ಎಲ್ಲವೂ ಬರುತ್ತೆ.

ಲೂಪ್ ನಿಂತಿತು. ಆದರೆ ಹಾಸನದಲ್ಲಿ ಮೂರನೇ ನೋಡ್ ಹಾಕಿ ಅರಸೀಕೆರೆಗೆ ಮಾತ್ರ ಜೋಡಿಸಿದ್ರೆ, ಕಣಕಟ್ಟೆಯ ಲೆಕ್ಕ ಹಾಸನಕ್ಕೆ ತಲುಪೋದೇ ಇಲ್ಲ. ಪ್ರತಿಯೊಂದೂ ಪ್ರತಿಯೊಂದಕ್ಕೆ ನೇರ ಜೋಡಣೆಯಾಗಬೇಕು: 3 ನೋಡ್‌ಗೆ 6 ಸಬ್‌ಸ್ಕ್ರಿಪ್ಶನ್, 4ಕ್ಕೆ 12.

ಇನ್ನೂ ದೊಡ್ಡ ತೊಂದರೆ ಬೇರೆ. ಒಂದೇ ಸಮಯಕ್ಕೆ ಅದೇ ರೈತರ ಬಾಕಿಯನ್ನ ಕಣಕಟ್ಟೆಯಲ್ಲಿ 500 ಅಂತ, ಅರಸೀಕೆರೆಯಲ್ಲಿ 800 ಅಂತ ಬರೆದ್ರೆ? ಒಬ್ಬರದ್ದು ಇನ್ನೊಬ್ಬರಿಗೆ ಹೋಗಿ ಕಣಕಟ್ಟೆಯಲ್ಲಿ 800, ಅರಸೀಕೆರೆಯಲ್ಲಿ 500 ಆಗ್ಬಿಡುತ್ತೆ. ರೆಪ್ಲಿಕೇಶನ್ ನಿಲ್ಲೋದೂ ಇಲ್ಲ, ಎರಡು ಕಡೆ ಎರಡು ಲೆಕ್ಕ ಹಾಗೇ ಉಳಿಯುತ್ತೆ. ಲೂಪ್ ಆದ್ರೆ ಸಿಪಿಯು ಕಿರುಚುತ್ತೆ, ನಮಗೆ ಗೊತ್ತಾಗುತ್ತೆ. ಇದು ಸದ್ದಿಲ್ಲದ ತಪ್ಪು. ನಷ್ಟ ಆಗೋದು ರೈತರಿಗೆ.

ಅದಕ್ಕೇ ನಾನು ಹೇಳೋದು: ಆ ಆಯ್ಕೆ ಹಾಕಿ, ಆದರೆ ಅದಕ್ಕೂ ಮೊದಲು ಯಾವ ಸಾಲನ್ನ ಯಾವ ನೋಡ್ ಮಾತ್ರ ಬರೀಬೇಕು ಅಂತ ತೀರ್ಮಾನ ಮಾಡಿ. ಕಣಕಟ್ಟೆ ರೈತರ ಖಾತೆಗೆ ಕಣಕಟ್ಟೆಯೇ ಯಜಮಾನ, ಉಳಿದವರು ಓದಲಿ. ಹಾಗೆ ಹಂಚೋಕೆ ಆಗದಿದ್ರೆ, ಬರೆಯೋ ನೋಡ್ ಒಂದೇ ಇರಲಿ. ಡೆಮೊ ಸ್ವಲ್ಪ ಸಪ್ಪೆ ಅನ್ನಿಸಬಹುದು, ಲೆಕ್ಕ ಸರಿ ಇರುತ್ತೆ.